ಬಾಲ್ಯದ ಆಘಾತ ಮತ್ತು ಹದಿಹರೆಯದ ಆರೋಗ್ಯ

ಹದಿನೆಂಟು ತುಂಬುವ ಮೊದಲು ಮಗುವಿನ ಮೇಲೆ ಅಥವಾ ಅದರ ಕಣ್ಣೆದುರು ನಡೆಯುವ, ತಾಳಿಕೊಳ್ಳುವ ಶಕ್ತಿಯನ್ನು ಮೀರಿದ ಘಟನೆಗಳನ್ನೂ ಅವು ಮೈಮನಸ್ಸಿನಲ್ಲಿ ಉಳಿಸಿಹೋಗುವ ಗಾಯವನ್ನೂ ಬಾಲ್ಯದ ಆಘಾತ ಎನ್ನಲಾಗುತ್ತದೆ. ಹೊಡೆತ, ದಿನನಿತ್ಯದ ಹೀಯಾಳಿಕೆ, ಲೈಂಗಿಕ ದೌರ್ಜನ್ಯ, ಅನಾದರ, ಅಪ್ಪ ಅಮ್ಮನನ್ನು ಬಡಿಯುವುದನ್ನು ನೋಡುತ್ತ ಬೆಳೆಯುವುದು, ಮನೆಯೊಳಗಿನ ಕುಡಿತ, ಹೆತ್ತವರ ಅಕಾಲ ಮರಣ, ಆತ್ಮಹತ್ಯೆ, ಭೀಕರ ಅಪಘಾತ ಇವೆಲ್ಲ ಅದರಲ್ಲಿ ಸೇರುತ್ತವೆ. ಒಮ್ಮೆ ನಡೆದು ಮುಗಿದ ದುರಂತಕ್ಕಿಂತ ದಿನವೂ ನಡೆಯುವ, ತಪ್ಪಿಸಿಕೊಳ್ಳಲಾಗದ ಹಿಂಸೆ ಸಾಮಾನ್ಯವಾಗಿ ಹೆಚ್ಚು ಹಾನಿ ಮಾಡುತ್ತದೆ. ಹಿಂಸಿಸುವವರೇ ಅನ್ನ ಹಾಕುವವರೂ ಆಗಿದ್ದರೆ ಆ ಹಾನಿ ಇನ್ನೂ ಆಳಕ್ಕಿಳಿಯುತ್ತದೆ.

ಇಂಥ ಅನುಭವಗಳು ಮನಸ್ಸನ್ನು ಕೆಡಿಸುತ್ತವೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಅವು ಹೃದಯ, ಶ್ವಾಸಕೋಶ, ಸಕ್ಕರೆಯ ಪ್ರಮಾಣ, ನಿದ್ದೆ, ರೋಗನಿರೋಧಕ ಶಕ್ತಿಗಳನ್ನೂ ಮುಟ್ಟುತ್ತವೆ, ಅದರ ಮೊದಲ ಲಕ್ಷಣಗಳು ಹದಿಹರೆಯದಲ್ಲೇ ಕಾಣಿಸಿಕೊಳ್ಳುತ್ತವೆ ಎಂಬ ತಿಳಿವಳಿಕೆ ಮಾತ್ರ ಕಳೆದ ಮೂರು ದಶಕಗಳಲ್ಲಿ ಗಟ್ಟಿಯಾದದ್ದು.

ಸಂಶೋಧನೆಯ ಹಾದಿ

ಈ ತಿಳಿವಳಿಕೆ ಶುರುವಾದದ್ದು ಬೊಜ್ಜು ಕರಗಿಸುವ ಚಿಕಿತ್ಸಾಲಯವೊಂದರಲ್ಲಿ. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಕೈಸರ್ ಪರ್ಮನೆಂಟೆ ಸಂಸ್ಥೆಯ ವೈದ್ಯ ವಿನ್ಸೆಂಟ್ ಫೆಲಿಟ್ಟಿ ಒಂದು ವಿಚಿತ್ರವನ್ನು ಗಮನಿಸಿದರು. ಚೆನ್ನಾಗಿ ತೂಕ ಇಳಿಸಿಕೊಳ್ಳುತ್ತಿದ್ದವರೇ ಅರ್ಧಕ್ಕೆ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದರು. ಕಾರಣ ಹುಡುಕುತ್ತ ಹೋದಾಗ ಅವರಲ್ಲಿ ಅನೇಕರು ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರೆಂದು ತಿಳಿಯಿತು. ವೈದ್ಯರು ರೋಗವೆಂದುಕೊಂಡಿದ್ದ ದಪ್ಪ ಮೈ ಅವರಿಗೆ ರಕ್ಷಣೆಯಾಗಿತ್ತು. ಫೆಲಿಟ್ಟಿ ಮತ್ತು ಸಂಶೋಧಕ ರಾಬರ್ಟ್ ಆಂಡಾ 1995ರಿಂದ 1997ರವರೆಗೆ 17 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಬಾಲ್ಯದ ಪ್ರತಿಕೂಲ ಅನುಭವಗಳ ಬಗ್ಗೆ ಪ್ರಶ್ನಿಸಿದರು. ಮೊದಲ ವರದಿ 1998ರಲ್ಲಿ ಪ್ರಕಟವಾಯಿತು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಪ್ರತಿಕೂಲಗಳನ್ನು ಅನುಭವಿಸಿದವರಲ್ಲಿ ಕುಡಿತದ ಚಟ, ಮಾದಕ ವ್ಯಸನ, ಖಿನ್ನತೆ ಮತ್ತು ಆತ್ಮಹತ್ಯಾ ಪ್ರಯತ್ನದ ಅಪಾಯ ಏನೂ ಅನುಭವಿಸದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು. ಹೃದ್ರೋಗ, ಕ್ಯಾನ್ಸರ್, ಶ್ವಾಸಕೋಶದ ಕಾಯಿಲೆಗಳೂ ಪ್ರತಿಕೂಲಗಳು ಏರಿದಂತೆ ಏರುತ್ತಿದ್ದವು. ಸಮೀಕ್ಷೆಗೆ ಒಳಗಾದವರು ಬಡವರೇನಲ್ಲ, ವಿಮೆ ಇದ್ದ ಮಧ್ಯಮವರ್ಗದವರು. ಇದೆಲ್ಲ ಬಡತನದ ಪರಿಣಾಮವಷ್ಟೇ ಎಂದು ತಳ್ಳಿಹಾಕಲು ಆಗಲಿಲ್ಲ.

21 ದೇಶಗಳ ಮಾಹಿತಿ ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ, ಮಾನಸಿಕ ಕಾಯಿಲೆಗಳಲ್ಲಿ ಶೇ 29.8ರಷ್ಟು ಬಾಲ್ಯದ ಪ್ರತಿಕೂಲಗಳೊಂದಿಗೆ ತಳಕು ಹಾಕಿಕೊಂಡಿವೆ ಎಂದು ಲೆಕ್ಕ ಹಾಕಿತು.

ಭಾರತದಲ್ಲಿ ಮಕ್ಕಳನ್ನೇ ಕೇಳಿ ನಡೆಸಿದ ದೊಡ್ಡ ಅಧ್ಯಯನ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದದ್ದು. 13 ರಾಜ್ಯಗಳ 12,447 ಮಕ್ಕಳಲ್ಲಿ ಮೂವರಲ್ಲಿ ಇಬ್ಬರು ದೈಹಿಕ ಹಿಂಸೆಯನ್ನೂ ಶೇ 53.22 ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನೂ ಹೇಳಿಕೊಂಡರು. ಬಹುಪಾಲು ಮಕ್ಕಳು ಅಲ್ಲಿಯವರೆಗೆ ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ. ಆ 13 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ 12 ರಾಜ್ಯಗಳಲ್ಲೂ ಇರಲಿಲ್ಲ. ದೇಶದ ಪ್ರಮುಖ ಮಾನಸಿಕ ಆರೋಗ್ಯ ಸಂಸ್ಥೆಯನ್ನು ರಾಜಧಾನಿಯಲ್ಲೇ ಇಟ್ಟುಕೊಂಡ ರಾಜ್ಯದ ಮಟ್ಟಿಗೆ ಇದೊಂದು ವ್ಯಂಗ್ಯ. ಆ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಮಾನಸಿಕ ತೊಂದರೆ ಇತ್ತು.

ಕರ್ನಾಟಕ ಹಿಂದೆ ಬೀಳದ ಕ್ಷೇತ್ರವೂ ಒಂದಿದೆ: ಹುಟ್ಟಿನಿಂದ ಹಿಡಿದು ವರ್ಷಾನುಗಟ್ಟಲೆ ಒಂದೇ ಗುಂಪನ್ನು ಹಿಂಬಾಲಿಸುವ ಅಧ್ಯಯನ. ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದವನ್ನು ದಪ್ಪ ಲೆಡ್ಜರುಗಳಲ್ಲಿ ಬರೆದಿಡಲಾಗಿತ್ತು. ದಶಕಗಳ ನಂತರ ಆ ಕೂಸುಗಳಲ್ಲಿ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಕಡಿಮೆ ತೂಗಿದ್ದವರಲ್ಲಿ ಶೇ 11 ಮಂದಿಗೆ ಹೃದ್ರೋಗವಿತ್ತು. 3.1 ಕಿಲೋ ದಾಟಿದ್ದವರಲ್ಲಿ ಅದು ಶೇ 3 ಮಾತ್ರ. ಇದು ಆಘಾತದ ಅಧ್ಯಯನವಲ್ಲ. ಆದರೆ ಎಳೆತನದ ಕೊರತೆಯ ಲೆಕ್ಕವನ್ನು ದೇಹ ಇಟ್ಟುಕೊಂಡಿರುತ್ತದೆ ಎಂಬುದಕ್ಕೆ ಮೈಸೂರಿನಲ್ಲೇ ಸಿಕ್ಕ ಪುರಾವೆ. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಮತ್ತೊಂದು ಗುಂಪಿನ ಮಕ್ಕಳಿಗೆ ಹದಿಮೂರು ದಾಟಿದಾಗ ಅಪರಿಚಿತರೆದುರು ಕಥೆ ಹೇಳಿಸಿ, ಮನಗಣಿತ ಮಾಡಿಸಿ ರಕ್ತದೊತ್ತಡ, ನಾಡಿ ಬಡಿತ ಅಳೆಯಲಾಯಿತು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದ ತಾಯಂದಿರ ಮಕ್ಕಳ ಹೃದಯ ಒತ್ತಡಕ್ಕೆ ಹೆಚ್ಚು ಜೋರಾಗಿ ಸ್ಪಂದಿಸಿತು.

ಬೆಂಗಳೂರು, ಮೈಸೂರು, ಚಂಡೀಗಢ, ಕೋಲ್ಕತ್ತ, ಇಂಫಾಲ ಮತ್ತು ಆಂಧ್ರದ ರಿಷಿವ್ಯಾಲಿಯಲ್ಲಿ ನಡೆದ, ‘ಸಿ–ವೇದ’ ಎಂದು ಕರೆಯುವ ಭಾರತ–ಬ್ರಿಟನ್ ಜಂಟಿ ಯೋಜನೆ 6ರಿಂದ 23 ವರ್ಷದ 9 ಸಾವಿರಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡಿತು. ಬಾಲ್ಯದ ಪ್ರತಿಕೂಲಗಳು ಹೆಚ್ಚಿದಂತೆ ಹೊಗೆಸೊಪ್ಪು, ಮದ್ಯದಂಥ ವಸ್ತುಗಳ ಬಳಕೆಯೂ ಹೆಚ್ಚುವುದನ್ನು ಅದು ಭಾರತೀಯ ಮಕ್ಕಳಲ್ಲೇ ಕಂಡಿತು.

ದೇಹದೊಳಗೆ

ಅಪಾಯ ಕಂಡೊಡನೆ ಮೂತ್ರಪಿಂಡದ ಮೇಲಿನ ಗ್ರಂಥಿಗಳು ಅಡ್ರಿನಾಲಿನ್, ಕಾರ್ಟಿಸಾಲ್ ಸುರಿಸುತ್ತವೆ. ಎದೆ ಬಡಿತ ಏರುತ್ತದೆ, ರಕ್ತಕ್ಕೆ ಸಕ್ಕರೆ ಬರುತ್ತದೆ. ಅಪಾಯ ಸರಿದ ಮೇಲೆ ಎಲ್ಲವೂ ತಣ್ಣಗಾಗಬೇಕು. ಅಪಾಯವೇ ಮನೆಯಲ್ಲಿ ವಾಸವಾಗಿದ್ದರೆ ತಣ್ಣಗಾಗುವ ಹೊತ್ತೇ ಬರುವುದಿಲ್ಲ. ನಾಲೆಯ ತೂಬು ಮುಚ್ಚದೆ ಹಗಲಿರುಳು ನೀರು ಹರಿದರೆ ಗದ್ದೆ ಜೌಗು ಹಿಡಿಯುವ ಹಾಗೆ, ಬದುಕಿಸಲು ಬಂದದ್ದೇ ಕೆಡಿಸತೊಡಗುತ್ತದೆ. ಹೀಗೆ ಎಡೆಬಿಡದೆ ಒದಗುವ, ಸಂತೈಸುವ ಹಿರಿಯರಿಲ್ಲದ ಒತ್ತಡವನ್ನು ವಿಷಕಾರಿ ಒತ್ತಡ ಎನ್ನುತ್ತಾರೆ. ಇಲ್ಲಿ ಮುಖ್ಯವಾದದ್ದು ‘ಸಂತೈಸುವ ಹಿರಿಯರಿಲ್ಲದ’ ಎಂಬ ಭಾಗ. ಕಷ್ಟ ಒಂದೇ ಆದರೂ ತಬ್ಬಿಕೊಳ್ಳುವವರಿದ್ದ ಮಗುವಿನ ದೇಹ ಬೇಗ ಶಾಂತವಾಗುತ್ತದೆ.

ಬೆಳೆಯುವ ಮಿದುಳಿನಲ್ಲಿ ಮೂರು ಭಾಗಗಳು ಈ ಹೊಡೆತ ತಿನ್ನುತ್ತವೆ. ಭಯವನ್ನು ಗುರುತಿಸುವ ಅಮಿಗ್ಡಲ ಸುಮ್ಮಸುಮ್ಮನೆ ಎಚ್ಚರಗೊಳ್ಳುತ್ತದೆ. ನೆನಪನ್ನು ಜೋಡಿಸುವ ಹಿಪೊಕ್ಯಾಂಪಸ್ ಸೊರಗಬಹುದು. ಯೋಚಿಸಿ ಹೆಜ್ಜೆ ಇಡಿಸುವ ಹಣೆಭಾಗದ ಮಿದುಳು ಹಿಡಿತ ಸಾಧಿಸಲು ತಡವಾಗುತ್ತದೆ. ಈ ಕೊನೆಯ ಭಾಗ ಪೂರ್ತಿ ಮಾಗಲು ಇಪ್ಪತ್ತರ ನಡುವಯಸ್ಸು ಬೇಕು. ಹದಿಹರೆಯದಲ್ಲಿ ಹೊಸತನ, ಸಾಹಸದ ಸೆಳೆತ ತಾನಾಗಿಯೇ ಜೋರಾಗುವುದರಿಂದ ಹಳೆಯ ಗಾಯ ಮೇಲೇಳಲು ಅದೇ ಸಮಯವಾಗುತ್ತದೆ. ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ ಹುಟ್ಟಿದಂದಿನಿಂದ ಹಿಂಬಾಲಿಸಿದವರ ಪೈಕಿ, ಬಾಲ್ಯದಲ್ಲಿ ಹಿಂಸೆ ಉಂಡವರ ರಕ್ತದಲ್ಲಿ ಉರಿಯೂತದ ಗುರುತುಗಳು ಮೂವತ್ತೆರಡನೆಯ ವಯಸ್ಸಿನಲ್ಲೂ ಹೆಚ್ಚಿದ್ದುದು 2007ರಲ್ಲಿ ವರದಿಯಾಯಿತು. ಮುಂದೆ ಹೃದ್ರೋಗ, ಸಕ್ಕರೆ ಕಾಯಿಲೆಗೆ ದಾರಿಯಾಗುವುದು ಇಂಥ ಸಣ್ಣ ಉರಿಯೂತವೇ.

ಹದಿಹರೆಯದಲ್ಲಿ ಕಾಣುವ ಬಗೆ

ಆಘಾತ ಉಂಡ ಹುಡುಗ ‘ನನಗೆ ಆಘಾತವಾಗಿದೆ’ ಎಂದು ಬಂದು ಕೂರುವುದಿಲ್ಲ. ಶಾಲೆ ತಪ್ಪಿಸುತ್ತಾನೆ, ಸಣ್ಣ ಮಾತಿಗೆ ಕೈ ಎತ್ತುತ್ತಾನೆ, ಗುಟ್ಕಾ ಹಾಕಿಕೊಳ್ಳುತ್ತಾನೆ, ಲೈಸೆನ್ಸ್ ಇಲ್ಲದೆ ಬೈಕ್ ಓಡಿಸುತ್ತಾನೆ. ಮೇಷ್ಟರ ಬಾಯಲ್ಲಿ ಅವನು ಉಡಾಳ, ಮೊಂಡ. ಹುಡುಗಿಯರಲ್ಲಿ ಹೆಚ್ಚಾಗಿ ಮೈಯೇ ಮಾತಾಡುತ್ತದೆ: ಪರೀಕ್ಷೆಯಲ್ಲಿ ಏನೂ ಸಿಗದ ಹೊಟ್ಟೆನೋವು, ತಲೆನೋವು, ಇದ್ದಕ್ಕಿದ್ದಂತೆ ಬವಳಿ ಬಂದು ಬೀಳುವುದು, ಊಟ ಬಿಡುವುದು. ತಿಂಗಳಾನುಗಟ್ಟಲೆ ಬೇರೆ ಬೇರೆ ಡಾಕ್ಟರ ಬಳಿ ಸುತ್ತಿಸಿ, ಗ್ಯಾಸ್ಟ್ರಿಕ್ ಮಾತ್ರೆ ನುಂಗಿಸಿ, ಕೊನೆಗೆ ತಾಯಿತ ಕಟ್ಟಿಸುವುದು ಹಳ್ಳಿಗಳಲ್ಲಿ ನಡೆದೇ ಇದೆ. ಮೈಮೇಲೆ ದೆವ್ವ ಬಂದಿದೆ ಎಂದು ದೇವಸ್ಥಾನಕ್ಕೆ ಕರೆತರಲಾಗುವ ಹರೆಯದ ಹುಡುಗಿಯರಲ್ಲಿ ಹೇಳಲಾಗದ ಸಂಕಟ ಹೊತ್ತವರು ಇರುತ್ತಾರೆಂದು ಮನೋವೈದ್ಯರು ಬಹಳ ಹಿಂದಿನಿಂದ ಗುರುತಿಸಿದ್ದಾರೆ. ನೀವಾಳಿಸಿದ್ದರಿಂದ ಕೆಟ್ಟದ್ದೇನೂ ಆಗದು. ಅಷ್ಟಕ್ಕೇ ನಿಂತು, ಮಗುವಿಗೆ ಆದದ್ದೇನು ಎಂದು ಯಾರೂ ಕೇಳದಿದ್ದರೆ ಅದೇ ಹಾನಿ.

ಖಿನ್ನತೆ, ಆತಂಕ, ನಿದ್ದೆಗೇಡು, ತನ್ನ ಮೈಯನ್ನೇ ಗಾಯ ಮಾಡಿಕೊಳ್ಳುವುದು, ಬೇಗನೆ ಶುರುವಾಗುವ ತಂಬಾಕು ಮತ್ತು ಮದ್ಯ, ಬೊಜ್ಜು, ಉಬ್ಬಸ, ಹರೆಯದ ಬಸುರು ಇವು ಈ ವಯಸ್ಸಿನಲ್ಲಿ ಪದೇ ಪದೇ ದಾಖಲಾಗಿರುವ ಅಪಾಯಗಳು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹುಡುಗಿಯರು ಸರಾಸರಿಗಿಂತ ಬೇಗ ಮೈನೆರೆಯುವುದನ್ನೂ ಅಧ್ಯಯನಗಳು ತೋರಿಸಿವೆ.

ಮಂಡ್ಯ ಸೀಮೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಆತಗೂರು ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ನಾಯಿಯಿಂದ ಪರಿಚಿತ. ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೆ ಇಲ್ಲಿ ಕಲ್ಲು ನಿಲ್ಲಿಸಿ ಅದರ ಪೂಜೆಗೆ ಭೂಮಿ ಬಿಟ್ಟ, ಹತ್ತನೆಯ ಶತಮಾನದ ನಡುವಿನ ಶಾಸನ ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಸಾವಿಗೂ ದಾಖಲೆ ಬಿಟ್ಟ ಈ ಸೀಮೆಯ ಇಂದಿನ ಮಕ್ಕಳ ಸಂಕಟ ಸಿಗುವುದು ಪೊಲೀಸ್ ಠಾಣೆಯ ಪುಸ್ತಕದಲ್ಲಿ, ಪತ್ರಿಕೆಯ ಜಿಲ್ಲಾಪುಟದಲ್ಲಿ. ಆರೋಗ್ಯದ ಲೆಕ್ಕದಲ್ಲಿ ಅದು ಇನ್ನೂ ಸೇರಿಲ್ಲ.

ಹೊರಗಿನವರ ಕಣ್ಣಿಗೆ ಮಂಡ್ಯ ಎಂದರೆ ಕಬ್ಬು, ಬೆಲ್ಲ, ವಿಶ್ವೇಶ್ವರಯ್ಯ ನಾಲೆಯ ಹಸಿರು. ಆ ಹಸಿರಿನಡಿಯ ಸಾಲ 2015ರಲ್ಲಿ ಬಯಲಾಯಿತು. ಆ ವರ್ಷ ರೈತರ ಆತ್ಮಹತ್ಯೆಗಳು ಹೆಚ್ಚು ವರದಿಯಾದ ಜಿಲ್ಲೆಗಳಲ್ಲಿ ಮಂಡ್ಯವೂ ಒಂದು. ಸರ್ಕಾರ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿತು, ವಿಧವೆಗೆ ತಿಂಗಳಿಗೆ 2,000 ರೂಪಾಯಿ ಪಿಂಚಣಿ ಕೊಟ್ಟಿತು. ಮನೆಗೆ ನಾಯಕರು ಬಂದರು, ಕ್ಯಾಮೆರಾಗಳು ಬಂದವು. ಅಪ್ಪನ ಫೋಟೊ ಹಿಡಿದು ನಿಂತ ಮಗುವಿನ ಚಿತ್ರ ಮುಖಪುಟಕ್ಕೆ ಬೇಕಿತ್ತು, ಅದರ ಮನಸ್ಸಿಗೆ ಏನು ಬೇಕೆಂದು ಕೇಳುವ ಕಲಮು ಪರಿಹಾರದ ಆದೇಶದಲ್ಲಿ ಇರಲಿಲ್ಲ. ‘ಇನ್ನು ಮನೆಗೆ ನೀನೇ ದಿಕ್ಕು ಕಣಪ್ಪ’ ಎಂದು ತಿಥಿಯ ದಿನ ನೆಂಟರು ಹದಿಮೂರರ ಹುಡುಗನ ಬೆನ್ನು ತಟ್ಟುವುದು ಪ್ರೀತಿಯಿಂದಲೇ. ಆದರೆ ಅಳುವ ಹಕ್ಕನ್ನು ಅವನಿಂದ ಕಿತ್ತುಕೊಳ್ಳುವುದೂ ಆ ಮಾತೇ. ಹದಿನೆಂಟಕ್ಕೆ ಮುನ್ನ ಹೆತ್ತವರನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡವರು ತಾವೂ ಅದೇ ದಾರಿ ಹಿಡಿಯುವ ಅಪಾಯ, ಹೆತ್ತವರು ಬದುಕಿರುವವರಿಗಿಂತ ಮೂರು ಪಟ್ಟು ಎಂದು ಸ್ವೀಡನ್ನಿನ ದಾಖಲೆಗಳನ್ನು ಆಧರಿಸಿದ 2010ರ ಅಧ್ಯಯನ ಹೇಳಿತು. ಆ ಅಧ್ಯಯನಕಾರರೇ ಒತ್ತಿ ಹೇಳಿದ್ದು, ಇಂಥ ಮಕ್ಕಳಿಗೆ ಬೇಗ ಆಸರೆ ಸಿಗಬೇಕು ಎಂದು. ಸಾಲದ ಕಿರುಕುಳ ಅಲ್ಲಿಗೆ ನಿಲ್ಲಲೂ ಇಲ್ಲ. ಮೈಕ್ರೊಫೈನಾನ್ಸ್ ವಸೂಲಿಯ ಹಿಂಸೆಗೆ ಸಂಬಂಧಿಸಿದ ಸಾವುಗಳು ಮಳವಳ್ಳಿ ತಾಲ್ಲೂಕು ಸೇರಿ ಹಲವೆಡೆಯಿಂದ ವರದಿಯಾದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ವಸೂಲಿಗೆ ಬಂದವರು ಬಾಗಿಲಲ್ಲಿ ಕೂಗಾಡುವಾಗ ಒಳಗೆ ಹೋಂವರ್ಕ್ ಬರೆಯುತ್ತಿರುವವರು ಮಕ್ಕಳೇ.

2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳು ಅವರಲ್ಲಿದ್ದರು. ಅದೇ ರಾತ್ರಿ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರಾದ ನಟ ಅಂಬರೀಷ್ ತೀರಿಕೊಂಡರು. ಮರುದಿನದಿಂದ ಜಿಲ್ಲೆಯ ಶೋಕವೆಲ್ಲ ಒಂದೇ ಕಡೆ ಹರಿಯಿತು. ತರಗತಿಯ ಬೆಂಚುಗಳಲ್ಲಿ ಖಾಲಿ ಜಾಗ ನೋಡುತ್ತ ಕೂತ ಸಹಪಾಠಿಗಳ ದುಃಖಕ್ಕೆ ಆ ಗದ್ದಲದಲ್ಲಿ ಸ್ಥಳ ಸಿಗಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಮಳವಳ್ಳಿ ಪಟ್ಟಣದಲ್ಲಿ ಟ್ಯೂಷನ್‌ಗೆಂದು ಹೋದ 10 ವರ್ಷದ ಬಾಲಕಿಯ ಮೇಲೆ ಅತ್ಯಾಚಾರ ನಡೆದು ಕೊಲೆಯಾದಾಗ ಊರು ಬೀದಿಗಿಳಿಯಿತು. ಅಂಥ ಸುದ್ದಿ ಕೇಳಿದ ಓರಗೆಯ ಮಕ್ಕಳಿಗೆ ರಾತ್ರಿ ನಿದ್ದೆ ಬಾರದಿರುವುದೂ, ಒಬ್ಬರೇ ಹೊರಗೆ ಹೋಗಲು ಹೆದರುವುದೂ ಆಘಾತದ ಹರಹಿಗೇ ಸೇರುತ್ತವೆ.

ಸುದ್ದಿಯಾಗುವ ಘಟನೆಗಳಿಗಿಂತ ಸುದ್ದಿಯಾಗದ ಮನೆಯೊಳಗಿನ ಹಿಂಸೆ ದೊಡ್ಡದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದ ವಿವಾಹಿತ ಮಹಿಳೆಯರ ಪ್ರಮಾಣ ಕರ್ನಾಟಕದಲ್ಲಿ ಶೇ 44.4, ದೇಶದಲ್ಲೇ ಅತಿ ಹೆಚ್ಚು. ಹಿಂದಿನ ಸಮೀಕ್ಷೆಯಲ್ಲಿ ಇದು ಸುಮಾರು ಶೇ 20 ಇತ್ತು. ಈ ಏರಿಕೆಯಲ್ಲಿ ಹೇಳಿಕೊಳ್ಳುವ ಧೈರ್ಯದ ಪಾಲೆಷ್ಟು, ಹಿಂಸೆಯ ಪಾಲೆಷ್ಟು ಎಂದು ವಾದ ಮಾಡಬಹುದು. ಹೇಗೆ ಓದಿದರೂ, ಒಂದೇ ಕೋಣೆಯ ಮನೆಯಲ್ಲಿ ಪ್ರತಿ ಹೊಡೆತಕ್ಕೂ ಮಕ್ಕಳು ಸಾಕ್ಷಿ. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20–24 ವಯಸ್ಸಿನ ಮಹಿಳೆಯರಲ್ಲಿ ಶೇ 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಬಾಲ್ಯವಿವಾಹವನ್ನು ಹುಟ್ಟಿನಿಂದಲೇ ಅಸಿಂಧುವೆಂದು ಸಾರುವ ತಿದ್ದುಪಡಿಯನ್ನು ಕರ್ನಾಟಕ 2016ರಲ್ಲೇ ಮಾಡಿಕೊಂಡ ರಾಜ್ಯ ಎಂಬುದನ್ನು ಪಕ್ಕದಲ್ಲಿಟ್ಟು ಈ ಅಂಕಿಯನ್ನು ಓದಬೇಕು.

ಅಳತೆಯ ಮಿತಿ

ಬಾಲ್ಯದ ಪ್ರತಿಕೂಲಗಳ ಬಗ್ಗೆ ಹತ್ತು ಪ್ರಶ್ನೆ ಕೇಳಿ ಅಂಕ ಹಾಕಿ ‘ನಿನಗೆ ಐದು ಬಂತು, ನಿನಗೆ ಹೃದ್ರೋಗ ಖಚಿತ’ ಎಂದು ಯಾರಿಗೂ ಹೇಳುವಂತಿಲ್ಲ. ಈ ಅಂಕ ಜನಸಮೂಹದ ಅಪಾಯ ತಿಳಿಯುವುದಕ್ಕೆ, ಒಬ್ಬ ವ್ಯಕ್ತಿಯ ಭವಿಷ್ಯ ಹೇಳುವುದಕ್ಕಲ್ಲ ಎಂದು 2020ರಲ್ಲಿ ಆಂಡಾ ಅವರೇ ಎಚ್ಚರಿಸಿದರು. ದೊಡ್ಡವರಾದ ಮೇಲೆ ನೆನಪಿನಿಂದ ಹೇಳಿದ್ದಕ್ಕೂ ಬಾಲ್ಯದಲ್ಲೇ ದಾಖಲಾದದ್ದಕ್ಕೂ ಹೊಂದಿಕೆ ಕಡಿಮೆ ಎಂಬುದು 2019ರ ಒಂದು ಸಮಗ್ರ ವಿಶ್ಲೇಷಣೆಯಲ್ಲಿ ಕಂಡಿತು. ಇನ್ನೂ ದೊಡ್ಡ ಕೊರತೆಯೆಂದರೆ ಮೂಲ ಪ್ರಶ್ನಾವಳಿ ಮನೆಯ ಹೊಸಿಲು ದಾಟುವುದಿಲ್ಲ. ಜಾತಿಯ ಅವಮಾನ, ಹಸಿವು, ವಲಸೆ, ಬೀದಿಯ ಹಿಂಸೆ ಅದರಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ನಂತರ ರೂಪಿಸಿದ ಪ್ರಶ್ನಾವಳಿ ಸಹಪಾಠಿಗಳ ಕಿರುಕುಳ, ಸಮುದಾಯದ ಹಿಂಸೆಗಳನ್ನು ಸೇರಿಸಿಕೊಂಡಿತು. ನಮ್ಮ ಹಳ್ಳಿಗಳಿಗೆ ಹೊಂದುವ ಅಳತೆಗೋಲಿಗೆ ಜಾತಿಯ ಪ್ರಶ್ನೆಯನ್ನೂ ಸೇರಿಸದೆ ಗತಿಯಿಲ್ಲ.

ಚೇತರಿಕೆ ಮತ್ತು ನೆರವು

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಎಮ್ಮಿ ವರ್ನರ್, ತೀರಾ ಕಷ್ಟದ ಮನೆಗಳಲ್ಲಿ ಬೆಳೆದವರಲ್ಲೂ ಮೂರನೆಯ ಒಂದು ಪಾಲು ಸಮರ್ಥ, ಪ್ರೀತಿಯುಳ್ಳ ವಯಸ್ಕರಾದದ್ದನ್ನು ಕಂಡರು. ಅವರ ಬದುಕಿನಲ್ಲಿ ಸಾಮಾನ್ಯವಾಗಿದ್ದ ಸಂಗತಿಗಳಲ್ಲಿ ಮುಖ್ಯವಾದದ್ದು ಗಟ್ಟಿಯಾಗಿ ಜೊತೆ ನಿಂತ ಒಬ್ಬ ಹಿರಿಯರು: ಅಜ್ಜಿ, ಅಕ್ಕ, ಮೇಷ್ಟರು, ನೆರೆಯವರು. ಮದ್ದೂರು, ಗೆಜ್ಜಲಗೆರೆ ಕಡೆಯ ಗಾರ್ಮೆಂಟ್ಸ್‌ಗೆ ತಾಯಂದಿರು ವ್ಯಾನ್ ಹತ್ತಿ ಹೋದ ಮೇಲೆ ಹಳ್ಳಿಗಳಲ್ಲಿ ಆ ಪಾತ್ರ ಬಹುಮಟ್ಟಿಗೆ ಅಜ್ಜಿಯರದು. ಯಾವ ಯೋಜನೆಯ ಪಟ್ಟಿಯಲ್ಲೂ ಅವರ ಹೆಸರಿಲ್ಲ.

ಚಿಕಿತ್ಸೆಯ ವಿಷಯದಲ್ಲಿ, ಆಘಾತವನ್ನು ಗಮನದಲ್ಲಿಟ್ಟು ಮಗು ಮತ್ತು ಪೋಷಕರಿಬ್ಬರನ್ನೂ ಕೂರಿಸಿಕೊಂಡು ಮಾಡುವ ಆಲೋಚನೆ–ನಡವಳಿಕೆ ಚಿಕಿತ್ಸೆಗೆ ಒಳ್ಳೆಯ ಪುರಾವೆಯಿದೆ. ಎಳೆಯ ಮಕ್ಕಳೊಡನೆ ಆಟ, ಚಿತ್ರ, ಕಥೆಗಳ ಮೂಲಕ ಮಾತಿಗಿಳಿಯುತ್ತಾರೆ. ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗದಲ್ಲಿ 2020ರಲ್ಲಿ ಶುರುವಾದ ‘ಸಂವಾದ್’ ಕೇಂದ್ರ ಸಂಕಷ್ಟದಲ್ಲಿರುವ ಮಕ್ಕಳೊಡನೆ ಕೆಲಸ ಮಾಡುವವರಿಗೆ ತರಬೇತಿ ಕೊಡುತ್ತದೆ. ಜಿಲ್ಲೆಯ ಮಟ್ಟದಲ್ಲಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ‘ಮನೋಚೈತನ್ಯ’, ಹದಿಹರೆಯದವರ ಸ್ನೇಹ ಕ್ಲಿನಿಕ್‌, ಯುವಜನರಿಗಾಗಿ ‘ಯುವ ಸ್ಪಂದನ’ ಇವೆ. ಕಾಗದದ ಮೇಲೆ ಇದು ಕಡಿಮೆಯೇನಲ್ಲ. ಹೋಬಳಿಯ ಹೈಸ್ಕೂಲಿನಿಂದ ಅಲ್ಲಿಗೆ ಮಗುವನ್ನು ಕೈಹಿಡಿದು ಕರೆದೊಯ್ಯುವವರು ಯಾರು ಎಂಬಲ್ಲಿ ವ್ಯವಸ್ಥೆ ಕಡಿದುಹೋಗುತ್ತದೆ.

ಕಾನೂನಿನದೂ ಇಂಥದೇ ಇಬ್ಬಂದಿ. 2012ರ ಪೋಕ್ಸೊ ಕಾಯ್ದೆ ಹದಿನೆಂಟರೊಳಗಿನವರ ಮೇಲಿನ ಲೈಂಗಿಕ ಅಪರಾಧ ತಿಳಿದವರು ಪೊಲೀಸರಿಗೆ ಹೇಳುವುದನ್ನು ಕಡ್ಡಾಯ ಮಾಡಿದೆ. ಮುಚ್ಚಿಹಾಕುವುದನ್ನು ತಡೆಯಲು ಇದು ಬೇಕೇಬೇಕು. ಆದರೆ ತಾಯಿ ಕಾರ್ಡ್ ಮಾಡಿಸಲು ಬಂದ ಹದಿನೇಳರ ಬಸುರಿಯ ವಯಸ್ಸು ಹೊರಬಿದ್ದರೆ ಕೇಸಾಗುತ್ತದೆಂಬ ಭಯಕ್ಕೆ ಮನೆಯವರು ಆಸ್ಪತ್ರೆಯನ್ನೇ ತಪ್ಪಿಸುವುದೂ ಇದೆ. ಆರೋಗ್ಯ ಇಲಾಖೆ ಮತ್ತು ಮಕ್ಕಳ ಕಲ್ಯಾಣ ಸಮಿತಿ ಕೂತು ಬಗೆಹರಿಸಬೇಕಾದ ತೊಡಕು ಇದು. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ‘ನಾಲ್ಕು ಬಿಟ್ಟರೆ ಬುದ್ಧಿ ಬರುತ್ತೆ, ಹೊಡೀರಿ ಸಾ’ ಎಂದು ಪೋಷಕರೇ ಮೇಷ್ಟರಿಗೆ ಅಧಿಕಾರಪತ್ರ ಕೊಡುವಲ್ಲಿ ಆ ನಿಷೇಧ ಅರ್ಧ ಮಾತ್ರ ಕೆಲಸ ಮಾಡುತ್ತದೆ.

ಕರ್ನಾಟಕದ್ದೇ ಆದ, ಸರಿಯಾಗಿ ಬಳಸದೆ ಉಳಿದ ಒಂದು ಸಾಧನ ಮಕ್ಕಳ ಗ್ರಾಮ ಸಭೆ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿ ಮಕ್ಕಳ ಮಾತು ಕೇಳಬೇಕೆಂಬ ನಿಯಮ ಇಲ್ಲಿದೆ. ಅಲ್ಲಿ ಶೌಚಾಲಯ, ಆಟದ ಮೈದಾನ, ಬಸ್ಸಿನ ಬೇಡಿಕೆ ಬರುತ್ತದೆ. ಮನೆಯ ಹಿಂಸೆಯನ್ನು ಯಾವ ಮಗುವೂ ಮೈಕಿನ ಮುಂದೆ ಹೇಳುವುದಿಲ್ಲ, ಹೇಳಿಸಲೂ ಬಾರದು. ಸಭೆಯ ದಿನ ಗುಟ್ಟಾಗಿ ಮಾತಾಡಲು ತರಬೇತಾದ ಒಬ್ಬ ಆಪ್ತಸಮಾಲೋಚಕಿಯನ್ನು ಪಕ್ಕದ ಕೋಣೆಯಲ್ಲಿ ಕೂರಿಸುವುದು ಯಾವ ಪಂಚಾಯಿತಿಗೂ ಆಗದ ಕೆಲಸವಲ್ಲ, ಆತಗೂರಿಗೂ ಅಲ್ಲ.

ಅಪಾಯದಲ್ಲಿರುವ ಮಗುವಿನ ಪರವಾಗಿ ಯಾರು ಬೇಕಾದರೂ 1098ಕ್ಕೆ ಕರೆ ಮಾಡಬಹುದು. ಮನಸ್ಸಿನ ಸಂಕಟಕ್ಕೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ–ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಕನ್ನಡದಲ್ಲಿ, ಉಚಿತವಾಗಿ ಸಿಗುತ್ತದೆ.